ಅಡಿಗೆ ಕಾಲಿಂಚು ವಾಟ

ನೆಂಟರ ಮನೆಯಲ್ಲಿ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು, ಇನ್ನೇನು ಚಿಲಕ ತೆಗೆಯಬೇಕು ಅನ್ನುವಷ್ಟರಲ್ಲಿ ಹೊರಗಿನಿಂದ ಮೆಲುದನಿ ಕೇಳಿಸುತ್ತದೆ: "ಅತ್ತೆ, ಹಾಗೇ ಒಂಚೂರು ವೈಪರ್ ಎಳೆದುಬಿಡ್ತೀರಾ?" ಬಾಗಿಲ ಹಿಂದೆ ಅದು ಕಾದು ನಿಂತಿರುತ್ತದೆ. ಉದ್ದನೆಯ ಕೋಲು, ತುದಿಗೆ ಕರಿ ರಬ್ಬರು. ನಾನು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಎಳೆಯಲು ಶುರುಮಾಡುತ್ತೇನೆ. ನೀರು ಜಾಲರಿಯವರೆಗೂ ಬಂದು, ಒಳಗೆ ಇಳಿಯದೆ ಪಕ್ಕಕ್ಕೆ ಸರಿದು, ಕಮೋಡಿನ ಹಿಂದೆ ಹೋಗಿ ಕೂರುತ್ತದೆ. ಅಲ್ಲಿಂದ ಎಬ್ಬಿಸಿದರೆ ಬಾಗಿಲ ಬುಡಕ್ಕೆ. ಬಾಗಿಲ ಬುಡದಿಂದ ತಳ್ಳಿದರೆ ಮತ್ತೆ ಕಮೋಡಿನ ಹಿಂದಕ್ಕೆ. ಹೊರಗೆ ಬರುವ ಹೊತ್ತಿಗೆ ಕುತ್ತಿಗೆಯಲ್ಲಿ ಬೆವರು, ಸೊಂಟದಲ್ಲಿ ಚಳುಕು. ಸ್ನಾನ ಮಾಡಿದ್ದಕ್ಕೆ ಉಳಿದ ಸಾಕ್ಷಿ ಒದ್ದೆ ಕೂದಲು ಮಾತ್ರ.

ವೈಪರ್ ಇರುವ ಮನೆಯಲ್ಲಿ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಇಲ್ಲ ಅನ್ನುವುದು ನಾನು ಕಂಡುಕೊಂಡಿರುವ ಸತ್ಯ. ಚಾಮರಾಜನಗರದ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಹೋದರೆ ದೇವರಮನೆ ತೋರಿಸುವಾಗ ಯಜಮಾನರ ದನಿ ಮಾಮೂಲಿಯಾಗಿರುತ್ತದೆ. ಬಾತ್‌ರೂಮಿನ ಬಾಗಿಲು ತೆಗೆಯುವಾಗ ಏರುತ್ತದೆ. ನಡುವೆ ಗಾಜಿನ ಗೋಡೆ. "ಈ ಕಡೆ ಡ್ರೈ ಏರಿಯಾ, ಆ ಕಡೆ ವೆಟ್ ಏರಿಯಾ." ನೆಲಕ್ಕೆ ಎರಡಡಿಗೆ ಎರಡಡಿಯ ಟೈಲ್ಸು, ಗುಜರಾತಿನ ಮೋರ್ಬಿಯಿಂದ ಬಂದದ್ದು, ಮುಖ ನೋಡಿಕೊಳ್ಳಬಹುದು. ಅಷ್ಟು ದೊಡ್ಡ ಬಿಲ್ಲೆ ಬಾಗುವುದಿಲ್ಲವಲ್ಲ. ನಾಲ್ಕೂ ದಿಕ್ಕಿನಿಂದ ನಡುವಿನ ಜಾಲರಿಗೆ ಇಳಿಜಾರು ಕೊಡಬೇಕಾದರೆ ಅದನ್ನು ಮೂಲೆಯಿಂದ ಮೂಲೆಗೆ ಕೊಯ್ಯಬೇಕು. ಕೊಯ್ದರೆ ಅಂದ ಕೆಡುತ್ತದೆ. ಅಂದ ಉಳಿಸಿಕೊಂಡು ಜಾಲರಿಯ ಕಡೆಗೆ ನೀರನ್ನು ಕೈಯಲ್ಲಿ ಕರೆದೊಯ್ಯುವ ಕೆಲಸವನ್ನು ಅತಿಥಿಗಳಿಗೆ ವಹಿಸಿಬಿಡುತ್ತಾರೆ.

ಗುಂಡ್ಲುಪೇಟೆಯ ನಮ್ಮ ತವರುಮನೆಯ ಹಿತ್ತಿಲ ಬಚ್ಚಲಿನಲ್ಲಿ ವೈಪರ್ ಇರಲಿಲ್ಲ. ನೀರಿಗೆ ತನ್ನ ದಾರಿ ಗೊತ್ತಿತ್ತು. ನೆಲಕ್ಕೆ ಹಾಸಿದ್ದ ಚಪ್ಪಡಿಗಳು ಮೂಲೆಯ ತೂಬಿನ ಕಡೆಗೆ ಎಷ್ಟು ವಾಲಿದ್ದವೆಂದರೆ, ಕೈತಪ್ಪಿದ ಸೋಪು ತೂಬಿನ ಬಾಯಿಗೆ ಹೋಗಿಯೇ ನಿಲ್ಲುತ್ತಿತ್ತು. ಗೋಡೆಯಾಚೆ ಬಾಳೆಗುಂಡಿ. ಒಳಗೆ ಯಾರು ಎಷ್ಟು ಚೆಂಬು ಹೊಯ್ದುಕೊಂಡರು ಅನ್ನುವುದು ಪುಟ್ಟಬಾಳೆಯ ಗೊನೆ ನೋಡಿದರೆ ತಿಳಿಯುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ನನ್ನ ತಮ್ಮ ಸ್ನಾನಗಳ್ಳ. ಒಂದು ಬೇಸಿಗೆಯಲ್ಲಿ ಬಾಳೆ ಒಣಗಿದಾಗ ಮೊದಲು ಬೈಸಿಕೊಂಡವನು ಅವನೇ.

ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಹೊಟ್ಟೆಯೊಳಗೆ ಹೂತ ತಾಮ್ರದ ಹಂಡೆ. ರೇಷ್ಮೆ ಸಾಕುವ ಸೀಮೆಯಾದ್ದರಿಂದ ಹುಳುವಿಗೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿಗೆ ಬರವಿರಲಿಲ್ಲ. ಕಡ್ಡಿ ಚಟಚಟ ಉರಿಯುತ್ತಿತ್ತು, ಹೊಗೆ ಹೆಂಚಿನ ಸಂದಿಯಲ್ಲಿ ಹೋಗುವಷ್ಟು ಹೋಗಿ ಉಳಿದದ್ದು ನಮ್ಮ ಕಣ್ಣಿಗೆ ಬರುತ್ತಿತ್ತು. ಶನಿವಾರ ಹರಳೆಣ್ಣೆ. ಮೈಗೆಲ್ಲ ಎಣ್ಣೆ ತಟ್ಟಿ ನಮ್ಮನ್ನು ಸಾಲಾಗಿ ಕೂರಿಸುವುದು, ಒಬ್ಬೊಬ್ಬರನ್ನೇ ರೆಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುವುದು, ಒಳಗಿದ್ದವರ ಕೂಗು ಕೇಳಿ ಹೊರಗಿದ್ದವರು ಓಡುವುದು. ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ಸೋಲಿಗರು ಆಯ್ದು ತರುವ ಸೀಗೆಕಾಯಿಯ ಪುಡಿ, ಜೊತೆಗೆ ಸುಜ್ಜಲು ಪುಡಿ. ಅದು ಕಣ್ಣಿಗೆ ಬಿದ್ದರೆ ಅವ್ವನ ಔಷಧಿ ಒಂದೇ: "ಕಣ್ಣು ಮುಚ್ಕಂಡಿರು ಅಂದಿರ್ನಿಲ್ವಾ?" ಬೆನ್ನು ತಿಕ್ಕುವಾಗ ಅವ್ವನ ಅಂಗೈಯ ಗೀರುಗಳು ಚರ್ಮಕ್ಕೆ ಗೊತ್ತಾಗುತ್ತಿದ್ದವು. ಅರಿಶಿನ ಬೇಯಿಸುವ ಕಾಲದಲ್ಲಾದರೆ ಆ ಕೈ ಹಳದಿ, ನಮ್ಮ ಬೆನ್ನೂ ಹಳದಿ.

ವರ್ಷಕ್ಕೊಮ್ಮೆ ಆ ಹೊಗೆಗೂಡಿಗೆ ರಾಜಮರ್ಯಾದೆ ಸಿಗುತ್ತಿತ್ತು. ದೀಪಾವಳಿಗೆ ಮೊದಲಿನ ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಾಕಿ ಹಂಡೆಯ ಕಂಠ ಉಜ್ಜಿ, ಒಲೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಹಂಡೆಯ ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಮುಂದೆ ರಂಗೋಲಿ ಬಿಟ್ಟು, ಗಂಗೆಪೂಜೆ ಮಾಡಿ ನೀರು ತುಂಬುತ್ತಿದ್ದರು. ಬೆಳಗಿನ ಜಾವ ಎಣ್ಣೆಸ್ನಾನ. ಬಚ್ಚಲಿಗೆ ಹಬ್ಬ ಮಾಡುವ ಜನ ಲೋಕದಲ್ಲಿ ಎಷ್ಟಿದ್ದಾರೋ ನನಗೆ ಗೊತ್ತಿಲ್ಲ, ನಾವಂತೂ ಮಾಡುತ್ತಿದ್ದೆವು. ಈಗ ನನ್ನ ಮನೆಯಲ್ಲಿ ಗೀಸರಿಗೆ ಒಂದು ಕುಂಕುಮದ ಬೊಟ್ಟು ಇಡುತ್ತೇನೆ. ಬಳ್ಳಿ ಸುತ್ತಲು ಅದಕ್ಕೆ ಕೊರಳಿಲ್ಲ.

ಅವ್ವನಿಗೆ ಎಂಬತ್ತು ದಾಟಿದ ಮೇಲೆ ಆ ಬಚ್ಚಲು ದೂರವಾಗುತ್ತ ಹೋಯಿತು. ಹಿತ್ತಿಲು ಅಷ್ಟೇ ಇತ್ತು, ಮಂಡಿ ಅಷ್ಟೇ ಇರಲಿಲ್ಲ. ಒಂದು ಮೆಟ್ಟಿಲು ಇಳಿಯಬೇಕು, ಎತ್ತರದ ಹೊಸ್ತಿಲು ದಾಟಬೇಕು, ಪಾಚಿಗಟ್ಟಿದ ಚಪ್ಪಡಿಯ ಮೇಲೆ ಕಾಲಿಡಬೇಕು. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಜಾರಿ ಕೂತುಬಿಟ್ಟರು. ಏಟೇನೂ ಆಗಲಿಲ್ಲ. ಆದರೆ ಆಮೇಲೆ ಸ್ನಾನ ಅಂದರೆ "ನಾಳ ಮಾಡನ" ಅನ್ನುವ ಪಾಠ ಶುರುವಾಯಿತು. ಹಿಂದೆ ನಮ್ಮನ್ನು ರೆಟ್ಟೆ ಹಿಡಿದು ಎಳೆಯುತ್ತಿದ್ದವರು ಇವರೇನಾ ಅಂತ ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ಮನೆಯೊಳಗೇ, ಅವ್ವ ಮಲಗುವ ಕೋಣೆಯ ಪಕ್ಕದ ಉಗ್ರಾಣದಲ್ಲಿ, ಕಮೋಡೂ ಸೇರಿದ ಬಚ್ಚಲು ಮಾಡಿಸೋಣ ಅಂತ ತೀರ್ಮಾನವಾಯಿತು.

ಸುದ್ದಿ ಇಂಗ್ಲೆಂಡಿಗೂ ಮುಟ್ಟಿತು. ಅಲ್ಲಿರುವ ನನ್ನ ಮಗ ಫೋನಿನಲ್ಲಿ ಉತ್ಸಾಹದಿಂದ ಹೇಳಿದ: "ಅಮ್ಮ, ಅಜ್ಜಿಗೆ ವೆಟ್ ರೂಮೇ ಮಾಡಿಸಿ." ಅಲ್ಲಿನ ಹಳೇ ಮನೆಗಳ ಬಾತ್‌ರೂಮಿನ ನೆಲಕ್ಕೆ ತೂಬೇ ಇರುವುದಿಲ್ಲವಂತೆ. ಸ್ನಾನವೆಲ್ಲ ತೊಟ್ಟಿಯೊಳಗೇ ಆಗಬೇಕು. ಒಂದು ಹನಿ ಹೊರಗೆ ಚೆಲ್ಲಿದರೂ ಮರದ ನೆಲ, ಕೆಳಗಿನ ಮನೆಯ ಸೂರು. ಕೆಲವು ಮನೆಗಳಲ್ಲಿ ಬಾತ್‌ರೂಮಿಗೆ ಕಾರ್ಪೆಟ್ಟನ್ನೇ ಹಾಸಿರುತ್ತಿದ್ದರು. ದೀಪ ಹಾಕಲು ಸೂರಿನಿಂದ ಇಳಿಬಿಟ್ಟ ದಾರ ಎಳೆಯಬೇಕು. ವಯಸ್ಸಾದವರಿಗೆ ಆ ತೊಟ್ಟಿಯ ಅಂಚು ದಾಟಿ ಒಳಗೆ ಇಳಿಯುವುದೇ ಗಂಡಾಂತರ. ಅಂಥವರಿಗೆ ತೊಟ್ಟಿ ಕಿತ್ತು, ನೆಲಕ್ಕೆ, ಗೋಡೆಗೆ ನೀರು ಹೀರದ ಪದರ ಬಳಿದು, ಇಳಿಜಾರು ಕೊಟ್ಟು, ಹೊಸ್ತಿಲಿಲ್ಲದ ಕೋಣೆ ಮಾಡಿಕೊಡುತ್ತಾರೆ. ಕೈಲಾಗದವರಿಗೆ ಇಂಥ ಕೆಲಸಕ್ಕೆ ಸರ್ಕಾರದ ಅನುದಾನವೂ ಇದೆ, ಇಂಗ್ಲೆಂಡಿನಲ್ಲಿ 30,000 ಪೌಂಡಿನವರೆಗೆ. ನಾನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿದೆ, ಮೂವತ್ತು ಲಕ್ಷ ದಾಟಿತು. ಇಡೀ ಕೋಣೆಗೆ ನೀರು ಬೀಳುವ, ನೆಲದಲ್ಲಿ ತೂಬಿರುವ ಬಚ್ಚಲಿನಿಂದ ನಾವು ಗಾಜಿನ ಗೋಡೆ ಕಟ್ಟಿಕೊಂಡು ಹೊರಬರುತ್ತಿದ್ದೇವೆ, ಅವರು ಅಷ್ಟು ದುಡ್ಡು ಕೊಟ್ಟು ಅದರೊಳಕ್ಕೆ ಹೋಗುತ್ತಿದ್ದಾರೆ. ನಡುವೆ ಎಲ್ಲೋ ಎದುರುಬದುರಾಗಿ ನಮಸ್ಕಾರ ಹೇಳಿಕೊಳ್ಳಬಹುದು.

ಕೆಲಸಕ್ಕೆ ಅವ್ವನ ಎರಡು ತಕರಾರು. ಮೊದಲನೆಯದು, ಆಷಾಢದಲ್ಲಿ ಗುದ್ದಲಿ ಹಾಕಬಾರದು. ನಾನು ಚಾಮರಾಜನಗರದ ಸೊಸೆ, ಇದಕ್ಕೆ ನನ್ನ ಬಳಿ ಉತ್ತರವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು 1826ರಲ್ಲಿ ಕಟ್ಟಿಸಿದ ಗುಡಿಯ ಚಾಮರಾಜೇಶ್ವರನಿಗೆ ತೇರು ಎಳೆಯುವುದೇ ಆಷಾಢದಲ್ಲಿ. ಬೇರೆ ಊರುಗಳಲ್ಲಿ ಆ ತಿಂಗಳು ಅತ್ತೆ-ಸೊಸೆ ಒಂದೇ ಹೊಸ್ತಿಲು ತುಳಿಯಬಾರದು ಅಂತ ಹೊಸ ಮದುಮಗಳನ್ನು ತವರಿಗೆ ಅಟ್ಟುತ್ತಾರೆ. ನಮ್ಮೂರಿನಲ್ಲಿ ಹೊಸ ಜೋಡಿಗಳು ಸಾಲುಗಟ್ಟಿ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. "ಸ್ವಾಮಿಯೇ ಆಷಾಢದಲ್ಲಿ ಹೊರಡ್ತಾನೆ, ನಿನ್ನ ಬಚ್ಚಲಿಗೇನವ್ವ?" ಅಂದೆ. "ಅಂವ ತೇರು ಏರ್ತಾನ, ಬಚ್ಚಲು ಕಟ್ಸ್ತಾನಾ?" ಅಂದರು. ಶ್ರಾವಣದವರೆಗೂ ಕಾದೆವು.

ಎರಡನೆಯದು ಗಟ್ಟಿಯಾದದ್ದು. ಉಗ್ರಾಣದಲ್ಲಿ ರಾಗಿಯ ವಾಡೆ ಇತ್ತು. ವಾಡೆಯಲ್ಲಿ ರಾಗಿ ತುಂಬುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು, ಆದರೂ ಅವ್ವ ಸೋಮವಾರ ಅಲ್ಲೊಂದು ಊದುಬತ್ತಿ ಹಚ್ಚುತ್ತಿದ್ದರು. "ರಾಗಿ ಇದ್ದ ತಾವ ಕಕ್ಕಸ್ಸು ಮಾಡ್ಬುಟ್ಟೀರಾ?" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ನಾನು ಸುಮ್ಮನಾದೆ, ತಮ್ಮ ಹೊರಗೆ ಹೋದ. ಆಗ ಅಳತೆ ತೆಗೆಯಲು ಬಂದಿದ್ದ ಮೇಸ್ತ್ರಿ ಕೂತ ಕಡೆಯಿಂದಲೇ ಹೇಳಿದ: "ಅವ್ವಾ, ತಿಂದ ರಾಗಿ ಎಲ್ಗ ಹೋಯ್ತದ ಹೇಳಿ? ಸುತ್ತಾಕ್ಕಂಡು ಹೋಗದು ತಪ್ತದ, ಅಷ್ಟೇ ಕನವ್ವ." ಅವ್ವ ಕಣ್ಣೊರೆಸಿಕೊಂಡು ನಕ್ಕರು. ಮಾರನೆಯ ದಿನ ವಾಡೆಗೆ ಪೂಜೆ ಮಾಡಿಸಿ, ಹಜಾರದ ಮೂಲೆಗೆ ಸಾಗಿಸಿದೆವು.

ಹಳೇ ಮನೆಗೆ ಒದ್ದೆ ಕೋಣೆ ಕೂಡಿಸುವುದು ಸುಲಭವಲ್ಲ. ಗೋಡೆಗಳು ಮಣ್ಣಿನವು, ಒಂದು ಮೊಳ ದಪ್ಪ. ಬೇಸಿಗೆಯಲ್ಲಿ ತಂಪು, ನೀರು ಸೋಕಿದರೆ ಕುಸಿತ. ಮೇಸ್ತ್ರಿ ಒಳಗೆ ಮತ್ತೊಂದು ಇಟ್ಟಿಗೆ ಗೋಡೆ ಎಬ್ಬಿಸಿದ, ಎರಡರ ನಡುವೆ ಕೈಬೆರಳು ತೂರುವಷ್ಟು ಸಂದು ಬಿಟ್ಟ. ನೆಲ ಅಗೆದು, ಜಲ್ಲಿ ಹಾಕಿ ದಿಮ್ಮಿಸಿ, ಕಾಂಕ್ರೀಟು ಹಾಸಿ, ಅದರ ಮೇಲೆ ವಾಟರ್‌ಪ್ರೂಫ್ ಬಳಿದು, ಗೋಡೆಯ ಬುಡದಲ್ಲಿ ಒಂದಡಿ ಮೇಲಕ್ಕೂ ಬಳಿದ. ಬಾಗಿಲು ಹೊರಕ್ಕೆ ತೆರೆಯಬೇಕು ಅಂತ ಮಗ ಹೇಳಿದ್ದ. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡ. ಇದನ್ನು ಮಾತ್ರ ಮೇಸ್ತ್ರಿ ಎರಡನೇ ಮಾತಿಲ್ಲದೆ ಒಪ್ಪಿದ.

ಹೊಸ್ತಿಲಿಲ್ಲ ಅಂದದ್ದಕ್ಕೆ ಹೌಹಾರಿದ. ಹೊಸ್ತಿಲಿಲ್ಲದ ಬಾಗಿಲನ್ನು ಅವನು ಕಂಡಿರಲಿಲ್ಲ. ಒಂದು ಇಂಚಾದರೂ ಇರಲಿ ಅಂತ ಅಂಗಲಾಚಿದ. ನಾನು ಮೂವತ್ತು ವರ್ಷ ಪಾಠ ಹೇಳಿದವಳು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದೆ: ಬಾಗಿಲಿನಿಂದ ಎದುರು ಗೋಡೆಯವರೆಗೆ ಒಂದೇ ದಿಕ್ಕಿಗೆ ಇಳಿಜಾರು, ಎದುರು ಗೋಡೆಯ ಬುಡದಲ್ಲಿ ಉದ್ದಕ್ಕೂ ಕಾಲುವೆ. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡು, "ಅದ ಹೇಳಿ ಟೀಚರಮ್ಮ, ಅಡಿಗ ಕಾಲಿಂಚು ವಾಟ" ಅಂದ. ಅರ್ಧ ಗೋಡೆ ತುಂಬಿದ್ದ ನನ್ನ ಪಾಠ ಅವನ ಬಾಯಲ್ಲಿ ಮೂರು ಪದವಾಯಿತು.

ನೆಲಕ್ಕೆ ಏನು ಹಾಸಬೇಕು ಅನ್ನುವುದಕ್ಕೆ ಮೈಸೂರಿನ ಟೈಲ್ಸ್ ಅಂಗಡಿಗಳನ್ನೆಲ್ಲ ಸುತ್ತಿದೆವು. ಎಲ್ಲ ಕಡೆ 'ಆ್ಯಂಟಿ ಸ್ಕಿಡ್' ಅನ್ನುತ್ತಾರೆ, ಒಣಗಿದ ಬಿಲ್ಲೆಯನ್ನು ಸವರಿ ತೋರಿಸುತ್ತಾರೆ. ಸೋಪುನೀರು ಹಾಕಿ ತೋರಿಸಿ ಅಂದರೆ ಮಾತು ಬೇರೆ ಕಡೆ ತಿರುಗುತ್ತದೆ. ಕೊನೆಗೆ ಮನೆ ಬಾಗಿಲಲ್ಲೇ ಇದ್ದ ಕಲ್ಲಿಗೆ ಬಂದೆವು. ಚಾಮರಾಜನಗರದ ಕರಿಕಲ್ಲು ಹೆಸರುವಾಸಿ. ಒಂದು ಚುಕ್ಕೆಯೂ ಇಲ್ಲದ ಆ ಕಪ್ಪಿಗೆ ಯುರೋಪು, ಜಪಾನುಗಳಲ್ಲಿ ಬೇಡಿಕೆ, ಹೆಚ್ಚಾಗಿ ಗೋರಿಕಲ್ಲಿಗೆ. ಅಲ್ಲಿ ತೀರಿಕೊಂಡವರ ಹೆಸರು ಕೆತ್ತಿಸಿಕೊಳ್ಳುವ ಯೋಗವಿಲ್ಲದೆ, ಎಲ್ಲೋ ಒಂದು ಬಿಳಿಗೆರೆ ಇದ್ದ ಕಾರಣಕ್ಕೆ ಪಕ್ಕಕ್ಕೆ ಬಿದ್ದ ಹಲಗೆಗಳು ನಮಗೆ ಅಗ್ಗಕ್ಕೆ ಸಿಕ್ಕವು. ಪಾಲಿಶ್ ಮಾಡಿಸದೆ ಉಳಿಯಿಂದ ಸಣ್ಣಗೆ ಚುಚ್ಚಿಸಿ ಒರಟು ಮಾಡಿಸಿದೆವು. ಚುಚ್ಚಿದ ಮೇಲೆ ಕಪ್ಪು ಹೋಗಿ ಬೂದಿಬಣ್ಣವಾಯಿತು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಣಗಿ ಬಿಡುವ ಬಿಳಿಗರೆ ಅದರ ಮೇಲೆ ಕಾಣಿಸುವುದೂ ಇಲ್ಲ.

ಕಲ್ಲು ಕೂರಿಸಿದ ದಿನ ಮೇಸ್ತ್ರಿ ರಸಮಟ್ಟ ಎತ್ತಿಟ್ಟು, ನನ್ನ ತಮ್ಮನ ಮೊಮ್ಮಗನ ಹತ್ತಿರ ಒಂದು ಗೋಲಿ ಕೇಳಿದ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಗೋಲಿಯನ್ನು ನೆಲಕ್ಕೆ ಮುಟ್ಟಿಸಿ ಬೆರಳು ತೆಗೆದ. ಅದು ಒಂದು ಕ್ಷಣ ಯೋಚಿಸಿ, ಚುಚ್ಚಿದ ಕಲ್ಲಿನ ಮೇಲೆ ಟಕಟಕ ಅನ್ನುತ್ತ, ಅವಸರವಿಲ್ಲದೆ ಉರುಳಿ ಕಾಲುವೆಗೆ ಬಿತ್ತು. ಎಡಮೂಲೆಯಿಂದ ಬಿಟ್ಟ, ಬಿತ್ತು. ಬಲಮೂಲೆಯಿಂದ ಬಿಟ್ಟದ್ದು ನಡುದಾರಿಯಲ್ಲಿ ನಿಂತಿತು. ನಮಗೆ ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ. ಅವನು ಏನೂ ಹೇಳದೆ ಕರಣೆಯ ತುದಿ ತೂರಿಸಿ ಆ ಹಲಗೆ ಎಬ್ಬಿಸಿದ; ಕೆಳಗಿನ ಗಾರೆ ಕೆರೆದು ಮತ್ತೆ ಕೂರಿಸಿದ; ಮತ್ತೆ ಗೋಲಿ ಬಿಟ್ಟ. ಹುಡುಗ ತನ್ನ ಗೋಲಿ ವಾಪಸು ಕೊಡು ಅಂತ ಅಳುವವರೆಗೂ ಇದು ನಡೆಯಿತು.

ಆಮೇಲೆ ನೀರು ಕಟ್ಟುವ ಪರೀಕ್ಷೆ. ಕಾಲುವೆಯ ಬಾಯಿಗೆ ಗೋಣಿ ತುರುಕಿ, ಬಾಗಿಲಿಗೆ ಅಡ್ಡಲಾಗಿ ಜೇಡಿಮಣ್ಣಿನ ಏರಿ ಹಾಕಿ, ಕೋಣೆಯೊಳಗೆ ನೀರು ತುಂಬಿ, ಗೋಡೆಗೆ ಗೆರೆ ಎಳೆದು ಒಂದು ಹಗಲು, ಒಂದು ರಾತ್ರಿ ಬಿಟ್ಟರು. ಮಳೆ ಕೈಕೊಡುವ ತಾಲ್ಲೂಕು ನಮ್ಮದು. ಕಬಿನಿಯಿಂದ ಪೈಪಿನಲ್ಲಿ ನೀರು ತಂದು ಕೆರೆ ತುಂಬಿಸುವ ಯೋಜನೆ ಎಲ್ಲರ ಬಾಯಲ್ಲೂ ಇತ್ತು. ಪಕ್ಕದ ಮನೆಯಾತ ಇಣುಕಿ ನೋಡಿ, "ಕಬಿನಿ ನೀರು ಮೊದ್ಲು ನಿಮ್ ಉಗ್ರಾಣಕ್ಕ ಬಂತಾ?" ಅಂತ ಕೇಳಿ ಹೋದ. ಗೆರೆ ಇಳಿಯಲಿಲ್ಲ. ಹುಡುಗರು ಬಿಟ್ಟ ಕಾಗದದ ದೋಣಿಗಳು ನೆನೆದು ಮುಳುಗಿದ್ದವು.

ಸ್ನಾನದ ನೀರು ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ತಮ್ಮ ಹಟ ಹಿಡಿದ. ಕಮೋಡಿನದು ಗುಂಡಿಗೆ ಹೋಗಲಿ, ಬಚ್ಚಲಿನದು ಬಾಳೆಗೇ ಹೋಗಬೇಕು ಅಂತ. ಸ್ನಾನಗಳ್ಳನಿಗೆ ಈ ವಯಸ್ಸಿನಲ್ಲಿ ಬಾಳೆಯ ಋಣ ನೆನಪಾಗಿತ್ತು. ನಡುವೆ ಟ್ರ್ಯಾಪ್ ಕೂರಿಸಿದರು. ಅದರ ಬಾಗಿದ ಗಂಟಲಲ್ಲಿ ಸದಾ ಒಂದಿಷ್ಟು ನೀರು ನಿಂತಿದ್ದರೆ ವಾಸನೆಯೂ ಬರುವುದಿಲ್ಲ, ಜಿರಳೆಯೂ ಹತ್ತುವುದಿಲ್ಲ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಹೋದರೆ ಆ ನೀರು ಆರಿಹೋಗುತ್ತದೆ, ಬಂದ ಕೂಡಲೇ ಒಂದು ಚೆಂಬು ಸುರಿಯಬೇಕು. ಗೊತ್ತಿಲ್ಲದವರು ಫಿನಾಯಿಲ್ ಸುರಿಯುತ್ತಾರೆ.

ಎಲ್ಲ ಮುಗಿದು ಅವ್ವನನ್ನು ಕೈಹಿಡಿದು ಕರೆತಂದು ತೋರಿಸಿದಾಗ ಬಾಗಿಲಲ್ಲೇ ನಿಂತರು. "ಬಚ್ಚಲು ಕಟ್ಸಿ ಅಂದ್ರ ಮದುವ ಛತ್ರ ಕಟ್ಸಿದ್ದೀರಲ್ಲ" ಅಂದರು. ಗೋಡೆಗೆ ಹಿಡಿಕಂಬಿ, ಕೂರಲು ಗೋಡೆಗೆ ಸೇರಿಸಿದ ಕಲ್ಲಿನ ಜಗುಲಿ, ಕೈಯಲ್ಲಿ ಹಿಡಿಯುವ ಶವರು. ಶವರನ್ನು ಒಮ್ಮೆ ತಲೆಗೆ ಹಿಡಿಸಿಕೊಂಡು, "ಇದು ಉಗುಳ್ತದ ಕೂಸೇ, ಬ್ಯಾಡ" ಅಂತ ಪಕ್ಕಕ್ಕೆ ತಳ್ಳಿದರು. ಚೆಂಬು ಬಂತು, ಬಕೆಟ್ಟು ಬಂತು. ಈಗ ಶವರಿನಲ್ಲಿ ನಾವು ನೆಲ ತೊಳೆಯುತ್ತೇವೆ.

ಜಾಗ ದೊಡ್ಡದಾಯಿತು ಅಂತ ಆಗ ಅನ್ನಿಸಿತ್ತು. ಈಗ ನಾನು ಹೋದಾಗಲೆಲ್ಲ ಅವ್ವನಿಗೆ ಎಣ್ಣೆನೀರು ಹಾಕುತ್ತೇನಲ್ಲ, ಆಗ ಆ ಜಾಗದ ಬೆಲೆ ತಿಳಿಯುತ್ತದೆ. ನಾನು ಎತ್ತಿಕಟ್ಟಿದ ಸೀರೆಯಲ್ಲಿ ಹಿಂದೆ, ಅವ್ವ ಜಗುಲಿಯ ಮೇಲೆ, ತಮ್ಮನ ಹೆಂಡತಿ ಬಿಸಿನೀರು ತೋಡಿಕೊಡುತ್ತ ಪಕ್ಕದಲ್ಲಿ. ಮೂವರೂ ಮಾತಾಡುತ್ತೇವೆ. ಚಿಲಕ ಹಾಕಿಕೊಂಡು ಒಬ್ಬರೇ ಒಳಗಿರುವ ಸ್ನಾನ ನಮ್ಮ ಮನೆಗೆ ಬಂದದ್ದೇ ಇತ್ತೀಚೆಗೆ. ಅದಕ್ಕೆ ಮೊದಲು ನೀರು ಕಾಯಿಸುವವರು, ಹೊಯ್ಯುವವರು, ಉಜ್ಜುವವರು, ಹೊರಗಿನಿಂದ ಬೇಗ ಬಾ ಅಂತ ಕೂಗುವವರು ಎಲ್ಲ ಸೇರಿ ಸ್ನಾನವಾಗುತ್ತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ಇಪ್ಪತ್ತು ಉಪಭೋಗಗಳನ್ನು ಹೇಳುವಾಗ ಮನೆ ಮೊದಲನೆಯದು, ಸ್ನಾನ ಎರಡನೆಯದು. ಅವನಿಗೂ ಎಣ್ಣೆ ತಿಕ್ಕುವುದಕ್ಕೆ, ನೀರು ಹೊಯ್ಯುವುದಕ್ಕೆ ಜನ ಇದ್ದರು. ಅವ್ವನಿಗೂ ಇದ್ದಾರೆ. ಆದರೆ ಸೋಮೇಶ್ವರನ ಆಳುಗಳು ನಮ್ಮಷ್ಟು ಬೈಸಿಕೊಂಡಿರಲಾರರು. "ಬೆನ್ನ ನಡುವ ಬುಟ್ಬುಟ್ಟಲ್ಲ." "ನೀರು ಹುಯ್ಯಿ, ತೀರ್ಥ ಕೊಡ್ತಿದ್ದೀಯಾ?" "ಸೀಗ ಕಣ್ಗ ಬಿತ್ತು!" ಅದಕ್ಕೆ ನಾನು ಏನು ಹೇಳುತ್ತೇನೆ ಅಂತ ಬೇರೆ ಬರೆಯಬೇಕಾಗಿಲ್ಲ.

ಈ ನಡುವೆ ಮೇಸ್ತ್ರಿಗೆ ಹೆಸರು ಬಂದಿದೆ. ಮಂಡಿನೋವಿನ ಅಪ್ಪ-ಅಮ್ಮ ಇರುವ ಮನೆಗಳಿಂದ ಕರೆ ಬರುತ್ತದಂತೆ. ತೆರಕಣಾಂಬಿಯಿಂದ, ಬೇಗೂರಿನಿಂದ ಜನರನ್ನು ಕರೆತಂದು ನಮ್ಮ ಬಚ್ಚಲು ತೋರಿಸುತ್ತಾನೆ. ಜೇಬಿನಲ್ಲಿ ಸ್ವಂತದ್ದೊಂದು ಗೋಲಿ ಇಟ್ಟುಕೊಂಡಿದ್ದಾನೆ. ಬಂದವರು ಹೊಸ್ತಿಲಿಲ್ಲದ ಬಾಗಿಲನ್ನು ನೋಡಿ ನೀರು ಹೊರಕ್ಕೆ ಬರುವುದಿಲ್ಲವೇ ಅಂತ ಕೇಳುತ್ತಾರೆ. ಅವನು ಗೋಲಿ ಬಿಡುತ್ತಾನೆ. ಹಜಾರದಲ್ಲಿ ರಾಗಿ ವಾಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಅವ್ವ, ಹೊಲದಿಂದ ನೇರ ಬಂದವರ ಮಣ್ಣುಗಾಲು ಕಂಡರೆ ಸಾಕು, ಒಳಗಿನಿಂದಲೇ ಕೂಗಿ ಹೇಳುತ್ತಾರೆ: "ಅಪ್ಪಾ, ಕಾಲು ತೊಳ್ಕಂಡು ಬಚ್ಚಲು ಮನಗ ಹೋಗಿ."